ಯೂರಿಯಾ ಚೀಲ ತೊಳದ ನೀರು

…ಅಲ್ಲೋ ಹುಡುಗೂರ್ಯಾ, ಆವಾಗ ಹೋದ ಕೂಡ್ಲೇ ಗೊಬ್ಬರ ಸಿಗತಿರಲಿಲ್ಲ. ನಿಮ್ಮಪ್ಪನ ಮದುವಿ ಆದ ವರ್ಷ, ಅಲ್ಲಲ್ಲ, ಅದರ ಮುಂದಿನ ವರ್ಷ, ಇಲ್ಲೇ ಅಂಕಲಿ ಊರಾಗ ಯೂರಿಯಾಕ್ಕ ಪಾಳಿ ಹಚ್ಚಿ ಹಚ್ಚಿ ಕಾಲ ಬಾತಿದ್ವು. ಮಂದಿ ಪಾಳ್ಯಾಗ ಚಪ್ಪಲಿ ಬಿಟ್ಟು ಚಾ ಕುಡ್ಯಾಕ ಹೋಗವ್ರು. ನನ್ನ ಚಪ್ಪಲಿ ಯಾವನೋ ಮೆಟ್ಟಕೊಂಡ ಹೋದ, ಇರಲಿ, ಅದ ಬ್ಯಾರೇ ಸುದ್ದಿ. ಕಡೀಕ ಚೀಲ ಸಿಕ್ತು, ತರೂವಾಗ ಮಳಿ ಹಿಡೀತು. ಮರದಿನ ಕಬ್ಬಿಗಿ ಉಗ್ಗಿ ಬಂದ್ವಿ, ಖರೆ ಚೀಲದ ತಳಕ್ಕ ಹಸಿ ಯೂರಿಯಾ ಗಟ್ಟಿಯಾಗಿ ಮೆತ್ತಿಕೊಂಡ ಉಳೀತು. ನಿಮ್ಮ ಆಯಿ, ನಿಮ್ಮಪ್ಪನ ಅವ್ವ, ಒಂದ ಕಾಳ ಚೆಲ್ಲಾಕಿ ಅಲ್ಲ, ಗೊತ್ತೈತಲ್ಲ ನಿಮಗ? ‘ಇಷ್ಟ ಪರದಾಡಿ ತಂದದ್ದು ಹಾಳ ಮಾಡೂದಾ? ತೊಳದ ನೀರ ಬದನಿ ಗಿಡಕ್ಕರ ಹಾಕ್ತೇನಿ’ ಅಂದ್ಲು. ಚೀಲ ಒಯ್ದು ದನ ನೀರ ಕುಡಿಯೋ ಕಲ್ಲಿನ ದ್ವಾಣ್ಯಾಗ ನೆನಿ ಹಾಕಿದ್ಲು. ಊರಾಗ ಎಲ್ಲಾರೂ ಹಂಗ ಮಾಡತಿದ್ರು, ಆಕೀ ಒಬ್ಬಾಕೀನ ಅಲ್ಲ. ನೀರ ತೋಡಾಕ ಬಕೀಟ ತರಾಕಂತ ಒಳಗ ಹೋದ್ಲು. ಅಷ್ಟರಾಗ ನಮ್ಮ ಎಮ್ಮಿ ಚಂದ್ರಿ ಮೇದ ಬಂತು. ಈದು ಇನ್ನೂ ತಿಂಗಳ ತುಂಬಿರಲಿಲ್ಲ, ಅದರ ಹಾಲಿನ ಮ್ಯಾಲ ಮನಿ ನಡ್ಯಾಕತ್ತಿತ್ತು. ಬಿಸಲಾಗ ನೀರಡಿಸಿ ಬಂದದ್ದು, ನೆಟ್ಟಗ ದ್ವಾಣಿಗಿ ಬಾಯಿ ಹಚ್ಚಿತು.

ಸ್ವಲ್ಪ ಹೊತ್ತಿಗೇ ನಡಗಾಕ ಹತ್ತಿತು. ಬಾಯಾಗ ಬುರುಗ, ಹೊಟ್ಟಿ ಉಬ್ಬೇ ಉಬ್ಬತು. ದನದ ಡಾಕ್ಟರ ಬಂದ್ರು. ‘ಏನ ತಿಂದೈತಿ ಯವ್ವಾ?’ ‘ಏನೂ ಇಲ್ರಿ ಸಾಹೇಬ್ರ, ಬರೇ ನೀರ ಕುಡದೈತಿ.’ ಅವ್ರು ದ್ವಾಣ್ಯಾಗ ಬಗ್ಗಿ ನೋಡಿ ಹಣಿ ಬಡಕೊಂಡ್ರು. ‘ಇದ ಹೊಟ್ಟಿಗಿ ಹೋದ್ರ ದನಕ್ಕ ವಿಷಾರಿ! ವಿಷ ಮುರ್ಯಾಕ ವಿನೆಗರ್ ಬೇಕು, ಎಲ್ಲಿ ಸಿಗತೈತಿ, ಲಗೂ ತರ್ರಿ!’ ಅದೇನಂತ ನಮಗೇನ ಗೊತ್ತು? ಗೋಬಿ ಮಂಚೂರಿ ಗಾಡ್ಯಾಗ ಇರತೈತಿ ಅಂದ್ರು ಕೂಡಿದ ಮಂದಿ. ನಿಮ್ಮಪ್ಪ ಓಡಿದಾ. ಅಂವಾ ಬಾಟ್ಲಿ ಹಿಡಕೊಂಡ ಬರೂದ್ರಾಗ ಚಂದ್ರಿ ಕಾಲ ಚಾಚಿತ್ತು. ಕರಾ ಒಂದೇ ಸವನ ಒದರತಿತ್ತು. ನಿಮ್ಮ ಆಯಿ ಎಮ್ಮಿ ಕೊಳ್ಳಾಗ ಕೈ ಹಾಕಿ, ‘ನಾನ ಕೊಂದ್ನೆವ್ವಾ, ನಾನ ಕೊಂದ್ನಿ’ ಅಂತ ಅಳತಾಳ. ನನ್ನ ಎದಿ ಒಡದ ಹೋತು ನೋಡ್ರಿ. ಆಕೀಗಿ ಏನಂತ ಬೈಲಿ?

ಆಮ್ಯಾಲ ಹಾಲ ಹೋತು, ಸಗಣಿ ಹೋತು, ತಿಪ್ಪಿ ಖಾಲಿ ಆತು. ಹೊಲಕ್ಕ ಬರೇ ಚೀಲದ ಗೊಬ್ಬರಾನ ಗತಿ. ಒಂದ ವರ್ಷ ಕಬ್ಬ ಕರ್ರಗ ಎದ್ದು ನಿಂತು ಕುಣೀತು, ಸುಳ್ಳ ಯಾಕ ಹೇಳಲಿ. ಬರಬರತ ನೆಲ ಬಿರಸಾತು, ಎರಿಹುಳ ಕಣ್ಣಿಗಿ ಬೀಳದಂಗಾತು, ಗೊಬ್ಬರ ಇನ್ನಷ್ಟ ಬೇಡಾಕತ್ತಿತು. ಎಮ್ಮಿ ಸತ್ತ ಮ್ಯಾಲ ಮೊದಲನೇ ಸಲ ಉಗ್ಗಾಕ ಹೋದಾಗ ನಿಮ್ಮ ಆಯಿನೂ ಬುಟ್ಟಿ ಹೊತ್ತು ಬಂದ್ಲು. ಅಳಕೋಂತ ಉಗ್ಗತಾಳ. ‘ನೀ ಬಿಡ, ಮನಿಗಿ ನಡಿ’ ಅಂದೆ. ಸೆರಗಿಲೆ ಮಾರಿ ಒರಸ್ಕೊಂಡು, ‘ಬಿಟ್ರ ಏನ ತಿನ್ನೂದ್ರಿ?’ ಅಂದ್ಲು. ಎಮ್ಮಿ ಕೊಂದ ಯೂರಿಯಾನ ನಮ್ಮನ್ನ ಸಾಕಬೇಕಾಗಿತ್ತಲ್ಲೋ!

ಅದಕ್ಕ ಹೇಳತೇನಿ, ಬೆಳಿ ತಿನ್ನೂ ಗೊಬ್ಬರ ದನದ ಹೊಟ್ಟಿಗಿ ಆಗಂಗಿಲ್ಲ. ಗೊಬ್ಬರ ಮುಟ್ಟಿದ್ದು ಏನಿದ್ರೂ, ಚೀಲ ಇರಲಿ, ಬಕೀಟ ಇರಲಿ, ದ್ವಾಣಿ ಕಡೆ ತರಬ್ಯಾಡ್ರಿ. ಏಳ್ರಿ ಇನ್ನ, ಗೊಬ್ಬರದ ಕೈ ತೊಳಕೋರಿ.