ಎಕ್ಕ ಬಂದರೂ ಒಪ್ಪದ ಎಲೊಯ್ಸಕ್ಕ

ವೇದಿಕೆಯ ಮೇಲಿರುವ ಪೂಜ್ಯ ಪಾದ್ರಿ ಲುಸೇರೊ ಅವರೇ, ರಾಜಧಾನಿ ಸಾಂಟಾ ಫೇಯಿಂದ ದಯಮಾಡಿಸಿರುವ ನೀರು ಸರಬರಾಜು ಅಧಿಕಾರಿಗಳೇ, ಇಂದು ನಾವು ಸನ್ಮಾನಿಸುತ್ತಿರುವ ಶ್ರೀಮತಿ ಎಲೊಯ್ಸಾ ಅರ್ಚುಲೆಟಾ ಅವರೇ, ಹಿಂದಿನ ಕೋಣೆಯಿಂದ ಪೊಸೋಲೆ ಸಾರಿನ ಪರಿಮಳ ಬರುತ್ತಿದ್ದರೂ ಕದಲದೆ ಕುಳಿತಿರುವ ನನ್ನ ಒಹಿತೊ ಹಳ್ಳಿಯ ಸಭಿಕರೇ,

ಮಾತು ಚಿಕ್ಕದಾಗಿರಲಿ ಎಂದು ನನ್ನ ಹೆಂಡತಿ ಒಫೀಲಿಯಾ ಬೆಳಿಗ್ಗೆಯೇ ಅಪ್ಪಣೆ ಮಾಡಿದ್ದಾಳೆ. ಪ್ರಯತ್ನಿಸುತ್ತೇನೆ.

ಇಂದು ನಮ್ಮೂರಿನ ನಲ್ಲಿಗಳಲ್ಲಿ ತಿಳಿನೀರು ಬಂದಿದೆ. ಇದೇನು ಸಣ್ಣ ಮಾತೇ? ತುಕ್ಕು ನೀರಿನಲ್ಲಿ ಒಗೆದು ಒಗೆದು ಬಿಳಿ ಅಂಗಿಗಳೆಲ್ಲ ಕೆಂಪಾದ ಊರು ಇದು. ಟ್ಯಾಂಕು ತಂದವರು ಮೇಯರ್ ಪ್ರೊಕೋಪಿಯೊ, ಅಂದರೆ ನಾನು, ಎಂದು ಪತ್ರಿಕೆಯಲ್ಲಿ ಬಂದಿದೆ. ಓದಿ ನನಗೂ ಸಂತೋಷವಾಯಿತು. ಸಾಂಟಾ ಫೇಗೆ ಗಾಡಿ ಓಡಿಸಿದ್ದು ನಾನೇ, ಸುಳ್ಳಲ್ಲ. ಆದರೆ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟವರು ಎಲೊಯ್ಸಕ್ಕ. "ನೋಡು ಪ್ರೊಕೊ, ಅಲ್ಲಿ ಹೋಗಿ ನಿಮ್ಮಜ್ಜನ ಕುದುರೆ ಕಥೆ ತೆಗೀಬೇಡ. ಬುಗ್ಗೆ, ಪೈಪು, ಟ್ಯಾಂಕು. ಇಷ್ಟು ಹೇಳು, ಬಾಯ್ಮುಚ್ಕೊ." ನಾನು ಕುದುರೆಯ ಕಥೆಯನ್ನೂ ಹೇಳಿದೆ. ಅವರು ಮೇಜಿನಡಿ ನನ್ನ ಕಾಲು ತುಳಿದರು. ಅಧಿಕಾರಿಗಳು ನಗುತ್ತಿದ್ದಾರೆ, ಅವರಿಗೆ ನೆನಪಿದೆ.

ಕಳೆದ ಚುನಾವಣೆಯಲ್ಲಿ ಇವರೇ ನನ್ನ ಎದುರಾಳಿ. ಅವರು ಮನೆಮನೆಗೆ ಹೋಗಿ ನೀರಿನ ಮಾತಾಡಿದರು. ನಾನು ಇಗರ್ಜಿಯ ಗಂಟೆಗೋಪುರಕ್ಕೆ ಬಣ್ಣ ಹೊಡೆಸುತ್ತೇನೆಂದೆ. ಎಣಿಸಿದರೆ ಇಬ್ಬರಿಗೂ ಸಮಸಮ ಮತ! ನಮ್ಮ ನ್ಯೂ ಮೆಕ್ಸಿಕೋದ ಕಾಯಿದೆ ನಿಮಗೆ ಗೊತ್ತೇ ಇದೆ. ಮತ ಸಮವಾದರೆ ಅದೃಷ್ಟವೇ ತೀರ್ಮಾನಿಸಬೇಕು. ನಾಣ್ಯ ಚಿಮ್ಮಿಸೋಣ ಎಂದು ಕೌಂಟಿಯ ಅಧಿಕಾರಿ ಹೇಳಿದ್ದಕ್ಕೆ ಊರಿಗೆ ಊರೇ ಮುನಿಸಿಕೊಂಡಿತು. ಅಜ್ಜಂದಿರ ಕಾಲದಿಂದ ನಮಗೆ ಅದೃಷ್ಟವೆಂದರೆ ಇಸ್ಪೀಟು.

ಇದೇ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ, ಗುರುವಾರದ ಆಟದ ಹಳೆಯ ಕಟ್ಟನ್ನೇ ತಂದು ಮೇಜಿನ ಮೇಲೆ ಬೋರಲು ಹರಡಿದರು. ಒಬ್ಬೊಬ್ಬರು ಒಂದೊಂದು ಎಲೆ, ದೊಡ್ಡದು ಬಂದವರಿಗೆ ಊರು. ನಾನು ಇಸ್ಪೀಟು ಮುಟ್ಟಿದವನಲ್ಲ, ತಾಯಿಯ ಕಟ್ಟಪ್ಪಣೆ. ಆದರೂ ರಾಜ ಬಂದ! ನನ್ನ ಸೋದರಳಿಯ ಅವಸರ ತಾಳದೆ ಬೆಂಕಿ ಗಾಡಿಯ ಸೈರನ್ ಒತ್ತಿಯೇಬಿಟ್ಟ. ಆಮೇಲೆ ಎಲೊಯ್ಸಕ್ಕ ಎತ್ತಿದರು. ಎಕ್ಕ. ಸೈರನ್ ನಿಂತಿತು. ಅವರ ಕಡೆಯವರು ಕುಣಿಯತೊಡಗಿದರು. ನಾನು ಟೋಪಿ ಹುಡುಕುತ್ತಿದ್ದೆ.

"ತಡೀರಿ" ಎಂದರು ಎಲೊಯ್ಸಕ್ಕ. "ಈ ಎಲೆ ಮೂಲೆ ಮಡಚಿದೆ. ಗುರುವಾರ ಆಟಕ್ಕೆ ಬರೋರಿಗೆಲ್ಲ ಗೊತ್ತು, ಇದು ಎಕ್ಕ ಅಂತ. ಬೇಕಂತ ಎತ್ತಲಿಲ್ಲ, ಕೈ ತಾನಾಗೇ ಹೋಯ್ತು. ಆದ್ರೂ ಇದು ಅದೃಷ್ಟ ಅಲ್ಲ."

ಅವರ ತಮ್ಮ ತಲೆ ಚಚ್ಚಿಕೊಂಡ. "ಸುಮ್ನಿರೇ ತಾಯಿ! ಪ್ರೊಕೊಗೆ ಗೊತ್ತೇ ಆಗಿಲ್ಲ!"

"ಅದಕ್ಕೇ ಹೇಳ್ತಿರೋದು."

ಸಭಿಕರೇ, ಗೆದ್ದ ಊರನ್ನು ಹೀಗೆ ಮೇಜಿನ ಮೇಲೆ ವಾಪಸ್ಸು ಇಟ್ಟವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ನಾನಾಗಿದ್ದರೆ ಇಡುತ್ತಿದ್ದೆನೇ? ಬೇಡ, ಉತ್ತರ ಕೂಗಬೇಡಿ. ಅಂಗಡಿಯಿಂದ ಹೊಸ ಕಟ್ಟು ತರಿಸಿದರು. ನನಗೆ ಏಳು, ಅವರಿಗೆ ನಾಲ್ಕು. ಬೆನ್ನ ಹಿಂದೆ ನೀವು ನನ್ನನ್ನು ಏಳರ ಮೇಯರ್ ಎನ್ನುವುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ.

ಮೊದಲ ದಿನ ಕುರ್ಚಿಯಲ್ಲಿ ಕುಳಿತು, ಮುಂದೇನು ಮಾಡಬೇಕೆಂದು ತೋಚದೆ ಕಿಟಕಿ ನೋಡುತ್ತಿದ್ದೆ. ಸೋತವರು ಬಾಗಿಲಲ್ಲಿ ನಿಂತಿದ್ದರು. "ಕುರ್ಚಿ ನಿಂದಾಯ್ತು, ನೀರು ಊರಿಂದು. ಏಳು, ಬುಗ್ಗೆ ನೋಡ್ಕೊಂಡು ಬರೋಣ" ಎಂದರು. ಬೆಟ್ಟ ಹತ್ತುವಾಗ ನನ್ನ ಕಣ್ಣು ತುಂಬಿತ್ತು. ಧೂಳು ಎಂದು ಹೇಳಿದೆ. ಅವರು ನಂಬಿದಂತೆ ನಟಿಸಿದರು, ಅದೂ ಅವರ ದೊಡ್ಡತನ.

ನವೆಂಬರಿನಲ್ಲಿ ಮತ್ತೆ ಚುನಾವಣೆ. ನಾನು ನಿಲ್ಲುವುದಿಲ್ಲ. ಒಫೀಲಿಯಾ, ಹಾಗೆ ನೋಡಬೇಡ, ಮನೆಗೆ ಹೋಗಿ ಬೈಯುವೆಯಂತೆ. ಎಲೊಯ್ಸಕ್ಕ ನಿಲ್ಲಬೇಕೆಂದು ಈ ಸಭೆಯ ಮುಂದೆ ಬೇಡಿಕೊಳ್ಳುತ್ತೇನೆ. ಸೋಲುವ ಭಯಕ್ಕೆ ಮುದುಕ ಹಿಂದೆ ಸರಿದ ಎಂದು ಕೆಲವರು ಅಂದಾರು. ಅನ್ನಲಿ. ಅವರಿಗೊಂದು ವಿಷಯ ತಿಳಿಯದು, ಒಫೀಲಿಯಾಗೂ ತಿಳಿಯದು. ಅಂದು ಮತ ಹಾಕಲು ನಿಂತಾಗ ನನ್ನ ಮುಂದೆ ಎರಡು ಹೆಸರಿದ್ದವು, ಒಂದು ನನ್ನದೇ. ಊರಿಗೆ ನೀರು ಯಾರು ತಂದಾರು ಎಂಬುದು ನನಗೆ ಆಗಲೇ ಗೊತ್ತಿತ್ತು. ನಾನು ಎಲೊಯ್ಸಕ್ಕನಿಗೇ ಮತ ಹಾಕಿದೆ. ನನಗೇ ಹಾಕಿಕೊಂಡಿದ್ದರೆ ಸಮವೂ ಆಗುತ್ತಿರಲಿಲ್ಲ, ಇಸ್ಪೀಟೂ ಬೇಕಿರಲಿಲ್ಲ.

ನಾನು ಮತ ಹಾಕಿದವರು ಗೆಲ್ಲುವುದನ್ನು ನೋಡಲು ನಾಲ್ಕು ವರ್ಷ ಕಾದಿದ್ದೇನೆ. ಈ ಸಲ ನೀವೂ ಒಂದು ಕೈ ಜೋಡಿಸಿ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.