ಕಸೂತಿ ಯಂತ್ರದ ಕನ್ನಡ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಟೈಲರ್ ಯಾಸ್ಮಿನ್, ತಮ್ಮ ಕಸೂತಿ ಯಂತ್ರದ ಕಂಪ್ಯೂಟರ್ ಪರೀಕ್ಷಿಸಿ ಹೊರಟಿದ್ದ, ಯಂತ್ರದ ಕಂಪನಿಯ ರಿಪೇರಿಗಾರ ಮೋಹನ್ ಜೊತೆ ಮಾತಿಗೆ ನಿಂತಿದ್ದರು.

"ಸಾಫ್ಟ್‌ವೇರ್ ಯಾಕ್ ತಿದ್ದಿಸಿದ್ರಿ ಮೇಡಂ?"

"ಅದ್ರಲ್ಲಿ ಕನ್ನಡ ಅಕ್ಷರಾನೇ ಇರ್ಲಿಲ್ಲ ಕಣ್ರೀ. ದಂಡಿನಶಿವರದ ಕಬಡ್ಡಿ ಹುಡುಗೀರು ಶರ್ಟ್ ಮೇಲೆ ಕನ್ನಡದಲ್ಲೇ ಹೆಸ್ರು ಬೇಕು ಅಂದ್ರು. ನಮ್ಮಣ್ಣ ರಯೀಸ್ ಸೇರಿಸ್ಕೊಟ್ಟ."

"ಕಂಪ್ಯೂಟರ್ ನಿಮ್ದು, ಒಳಗಿನ ಪ್ರೋಗ್ರಾಂ ಕಂಪನೀದು. ಸೇರಿಸಿದ್ದನ್ನ ಅಳಿಸ್ದೇ ಇದ್ರೆ ಇನ್ಮೇಲೆ ನಾವು ರಿಪೇರಿಗೆ ಬರಲ್ಲ."

"ನಾನ್ ಹೊಲಿದ ರವಿಕೆ ಬಿಗಿಯಾದ್ರೆ ಮನೇಲೇ ಬಿಚ್ಚಿ ಸಡಿಲ ಮಾಡ್ಕೋತಾರೆ. ಹೊಲಿಗೆ ನಂದು, ಮುಟ್ಬೇಡಿ ಅಂತ ಜಗಳಕ್ಕೆ ಹೋಗ್ತೀನಾ?"

"ಹಂಗಾದ್ರೆ ಅಳಿಸಲ್ವಾ?"

"ಅಳಿಸಲ್ಲ. ಕೆಟ್ರೆ ನಾವೇ ನೋಡ್ಕೋತೀವಿ ಬುಡಿ."

"ಬರ್ಕೊಡ್ತೀರಾ?"

ಯಾಸ್ಮಿನ್ ಪೆನ್ನು ಕೇಳಿ ಪಡೆದು, ಮೋಹನ್ ಚಾಚಿದ ಕಂಪನಿ ಫಾರಂ ಮೇಲೆ 'ಅಳಿಸುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದರು. ಮೋಹನ್ ಅದನ್ನು ಮಡಿಸಿಕೊಂಡು ಬಸ್ ಹತ್ತಿದರು. ಯಾಸ್ಮಿನ್ ಅಂಗಡಿಯತ್ತ ನಡೆದರು.