ಟುಯೋ ನುಂಗಿದ ಗಾಳ

ಹೌದು ಕಣೇ ಲೂದಿಂಗ್, ನಿನ್ನ ಹಂದಿ ಮಾರಿದ ದುಡ್ಡೇ! ಇನ್ನೆಷ್ಟು ಸಲ ಕೇಳ್ತೀಯ? ನನ್ನ ಕಣ್ಣಿನ ಆಪರೇಷನ್ನಿಗೆ ಅಂತ ಕಳಿಸಿದ್ದೆ, ನಾನು ನಾಯಿ ಆಪರೇಷನ್ನಿಗೆ ಕೊಟ್ಟೆ. ಹದಿನಾಲ್ಕು ಸಾವಿರ ಪೆಸೊ. ಆಯ್ತಾ? ಇನ್ನೂ ಜೋರಾಗಿ ಹೇಳ್ಲಾ? ಈ ನಾಯಿ ಡಾಕ್ಟರ ಜಗಲೀಲಿ ಕೂತಿರೋರೆಲ್ಲ ಕೇಳಿಸ್ಕೊಳ್ಳಲಿ ಬೇಕಾದ್ರೆ!

ಕೂತ್ಕೋ ಮೊದಲು. ಇಲ್ಲಿ, ನನ್ನ ಪಕ್ಕ. ಗಿಮಾರಾಸಿಂದ ದೋಣಿ ಹತ್ತಿ, ಬಸ್ಸು ಹತ್ತಿ, ಅಕ್ಕನ ಕಣ್ಣಿಗೆ ಪಟ್ಟಿ ಕಟ್ಟಿರ್ತಾರೆ, ಒಂದೆರಡು ದಿನ ಗಂಜಿ ಕಾಯಿಸಿ ಹಾಕೋಣ ಅಂತ ಬಂದಿದೀಯ, ಪಾಪ. ಬಂದು ನೋಡಿದ್ರೆ ಮನೆಗೆ ಬೀಗ. ಆ ಪಕ್ಕದ್ಮನೆ ನೇನಾ, ಅವಳ ಬಾಯಿ ಸುಮ್ನಿರುತ್ತಾ? 'ನಿಮ್ಮಕ್ಕ ನಾಯಿ ಆಸ್ಪತ್ರೆಗೆ ಹೋಗಿದಾಳೆ' ಅಂದಿರ್ತಾಳೆ. ನಕ್ಕೊಂಡೇ ಅಂದಿರ್ತಾಳೆ, ಅಲ್ವಾ? ತಲೆ ಆಡಿಸಿದ್ರೆ ಆಗಲ್ಲ, ಬಾಯಲ್ಲಿ ಹೇಳು... ಹಾಂ! ಗೊತ್ತಿತ್ತು ನಂಗೆ.

ಕಣ್ಣಾ? ಕಣ್ಣಿಗೇನಾಗಿದೆ? ಸ್ವಲ್ಪ ಮಂಜು, ಅಷ್ಟೇ. ಮುಂದಿನ ವರ್ಷ ಮಾಡಿಸಿದ್ರಾಯ್ತು. ಕಣ್ಣೇನು ಓಡಿಹೋಗುತ್ತಾ? ನಾಯಿ ಹಾಗಲ್ಲ. ಗಂಟಲಲ್ಲಿ ಗಾಳ ಇಟ್ಕೊಂಡು ಮುಂದಿನ ವರ್ಷದವರೆಗೆ ಕಾಯುತ್ತಾ ಅದು?

ಗಾಳ ಅಂದ್ರೆ ಮೀನು ಹಿಡಿಯೋ ಗಾಳ ಕಣೇ! ಇನ್ಯಾವ್ದು? ಬೆಳಿಗ್ಗೆ ಬೆಸ್ತರು ಮರಳ ಮೇಲೆ ಕೂತು ಗಾಳಕ್ಕೆ ಮೀನಿನ ತುಂಡು ಸಿಗಿಸ್ತಾ ಇರ್ತಾರಲ್ಲ, ಇವನು ಹೋಗಿ ಒಂದನ್ನ ಗುಳುಂ ಅನಿಸಿಬಿಟ್ಟಿದಾನೆ. ಹೊಟ್ಟೆಬಾಕ! ಟುಯೋ, ಒಣಮೀನು ಅಂತ ಹೆಸರಿಟ್ಟಿದ್ದು ಯಾಕೆ ಅಂದ್ಕೊಂಡಿದೀಯ? ಸಿಕ್ಕಿದಾಗ ಒಣಮೀನಿನ ಥರಾನೇ ಇದ್ದ, ಎಲುಬು ಚರ್ಮ ಎರಡೇ. ನನ್ನ ಅಂಗಡಿ ಒಣಮೀನು ತಿಂದು ತಿಂದೇ ಮೈ ಹಿಡಿದ. ಅವತ್ತು ಮನೆಗೆ ಬಂದ, ಖಕ್ ಖಕ್ ಅಂತ ಕೆಮ್ಮೋಕೆ ಶುರು ಮಾಡಿದ. ಎಲುಬು ಸಿಕ್ಕಿರಬೇಕು ಅಂತ ಬಾಯೊಳಗೆ ಕೈ ಹಾಕ್ತೀನಿ, ದಾರ! ಗಂಟಲ ಒಳಗೆ ಇಳಿದಿರೋ ದಾರ... ಎಳೆದ್ರೆ ಕಿರುಚ್ತಾನೆ. ಅಯ್ಯೋ ಲೂದಿಂಗ್, ಆ ಕಿರುಚಾಟ... ಮಗೂನೇ ಅದು. ನೀನು ಏನು ಬೇಕಾದ್ರೂ ಅಂದ್ಕೋ.

ಒಬ್ಬ ಬಾಳೆಹಣ್ಣು ನುಂಗಿಸು ಅಂದ. ಇನ್ನೊಬ್ಬ ವಿನಿಗರ್ ಕುಡಿಸು, ಕರಗಿಹೋಗುತ್ತೆ ಅಂದ. ಕಬ್ಬಿಣ ಕರಗುತ್ತಂತೆ! ನಮ್ಮೂರ ಮುಖ್ಯಸ್ಥ, ಆ ಬಾರಂಗಾಯ್ ಕ್ಯಾಪ್ಟನ್ನನ ಹೆಂಡ್ತಿ ಇದಾಳಲ್ಲ, ಅವಳು ಗೇಟಿಂದಾನೇ ಹೇಳ್ತಾಳೆ, 'ಯಾಕೆ ಅಷ್ಟು ಒದ್ದಾಡ್ತೀರ ಮನಾಂಗ್ ಪೂರಿಂಗ್, ಬೀದೀಲಿ ಪುಕ್ಕಟೆ ಹತ್ತು ನಾಯಿ ಸಿಗುತ್ತೆ' ಅಂತ. ನಾನು ಬಿಡ್ತೀನಾ? 'ಹೌದಮ್ಮ, ನಿನ್ನ ಗಂಡಾನೂ ಅಲ್ಲೇ ಸಿಕ್ಕಿದ್ದಾ?' ಅಂದೆ.

ನಗ್ತಿದೀಯ! ನೋಡು, ಕೋಪದಲ್ಲೂ ನಕ್ಕೆ! ಚಿಕ್ಕೋಳಿದ್ದಾಗಲೂ ಹಿಂಗೇ ನೀನು, ಮೂಗಲ್ಲಿ ನಗ್ತಿದ್ದೆ.

ಟ್ರೈಸಿಕಲ್‌ನವನು ಹತ್ತಿಸ್ಕೊಳ್ಳಲ್ಲ ಅಂದ. ನಾಯಿ ಬಾಯಿಂದ ಸೀಟು ರಕ್ತ ಆಗುತ್ತಂತೆ. 'ಲೇ, ನಿನ್ನ ಹೆಂಡ್ತಿ ಹೆರಿಗೆಗೆ ಇದೇ ಗಾಡೀಲಿ ಹೋದಾಗ ಹಿಂದೆ ಕೂತು ಕೈ ಹಿಡಿದಿದ್ದು ನಾನು, ಆವಾಗ ಸೀಟು ನೋಡ್ಲಿಲ್ಲ ನೀನು' ಅಂದೆ. ಬಾಯಿ ಮುಚ್ಕೊಂಡು ಹತ್ತಿಸ್ಕೊಂಡ.

ಇಲ್ಲಿ ಡಾಕ್ಟರಮ್ಮ ಎಕ್ಸ್‌ರೇ ತೆಗೆದಳು. ಚಿಕ್ಕ ವಯಸ್ಸು, ಒಳ್ಳೇ ಹುಡುಗಿ. ಎತ್ತಿ ಹಿಡಿದು, 'ಗಾಳ ಕಾಣ್ಸುತ್ತಾ ಲೋಲಾ?' ಅಂದಳು, ಅಜ್ಜಿ ಅಂತಾನೇ ಕರೀತಾಳೆ ನನ್ನ. ಕಾಣ್ಸುತ್ತೆ ಅಂದೆ. ಗಾಳ ಹೊಟ್ಟೆಗೆ ಇಳಿದಿದೆ, ಹೊಟ್ಟೆ ಕೊಯ್ಯಬೇಕು, ಇಷ್ಟಾಗುತ್ತೆ ಅಂದಳು. ಜಾಸ್ತಿ ಅನಿಸ್ತು, ಸುಳ್ಳು ಯಾಕೆ ಹೇಳ್ಲಿ. 'ಯಾಕಮ್ಮ, ನಾಯಿಗೆ ಹೇಳ್ತಿದೀಯೋ ಎಮ್ಮೆಗೆ ಹೇಳ್ತಿದೀಯೋ?' ಅಂತಾನೇ ಕೇಳಿದೆ. ಅವಳು ನಗಲಿಲ್ಲ. ಪ್ರಜ್ಞೆ ತಪ್ಪಿಸೋ ಔಷಧಿಗೆ ಇಷ್ಟು, ಕೊಯ್ಯೋಕೆ ಇಷ್ಟು, ಇಲ್ಲೇ ಇಟ್ಕೊಂಡು ನೋಡೋಕೆ ಇಷ್ಟು, ಕಮ್ಮಿ ಮಾಡೋಕೆ ಏನೂ ಇಲ್ಲ ಲೋಲಾ ಅಂದಳು. ಆಮೇಲೆ ನಿಧಾನಕ್ಕೆ, 'ಬೇಡ ಅಂದ್ರೆ ಒಂದು ಇಂಜೆಕ್ಷನ್ ಕೊಟ್ಟು ನೋವಿಲ್ಲದ ಹಾಗೆ ಕಳಿಸಿಕೊಡಬಹುದು, ಅದಕ್ಕೆ ಜಾಸ್ತಿ ಆಗಲ್ಲ' ಅಂದಳು.

ಜಾಸ್ತಿ ಆಗಲ್ವಂತೆ! ಅವನ ತಲೆ ನನ್ನ ತೊಡೆ ಮೇಲಿದೆ, ನನ್ನ ಕೈ ನೆಕ್ತಾ ಇದಾನೆ. ಗಂಟಲಲ್ಲಿ ಅಷ್ಟು ನೋವಿಟ್ಕೊಂಡು ನೆಕ್ತಿದಾನೆ ಕಣೇ. ದುಡ್ಡು ತೆಗೆದು ಮೇಜಿನ ಮೇಲಿಟ್ಟೆ. ಅಷ್ಟೇ. ಯೋಚನೆ ಮಾಡ್ಲಿಲ್ಲ. ಮಾಡಲ್ಲ ಕೂಡ!

ಏನು? ಬೇರೆಯವರು ಏನಂದ್ಕೊಳ್ತಾರೆ ಅಂತಾನಾ? ಅಲ್ಲಿ ಬಾಗಿಲ ಹತ್ರ ಕೂತಿದಾನಲ್ಲ ಹುಂಜದವನು, ಅವನ ಹುಂಜಕ್ಕೆ ವಿಟಮಿನ್ ಇಂಜೆಕ್ಷನ್ ಅಂತೆ. ಭಾನುವಾರ ಪಂದ್ಯದಲ್ಲಿ ಕತ್ತಿ ಕಟ್ಟಿ ಬಿಡ್ತಾನೆ, ಸಂಜೆ ಹೊತ್ತಿಗೆ ಅದು ಸಾರು. ಅವನಿಗೆ ಯಾರಾದ್ರೂ ಬೈತಾರಾ? ಗಂಡಸು ಹುಂಜಕ್ಕೆ ಸುರಿದ್ರೆ ಷೋಕಿ, ಮುದುಕಿ ನಾಯಿಗೆ ಸುರಿದ್ರೆ ಮರುಳು! ಕೆಮ್ಮಬೇಡಪ್ಪ, ನಿಂಗೇ ಹೇಳ್ತಿರೋದು.

ಇರ್ಲಿ ಬಿಡು. ಇವತ್ತು ಮನೆಗೆ ಕಳಿಸ್ತೀವಿ ಅಂದಿದಾರೆ. ಎದ್ದು ಓಡಾಡ್ತಾ ಇದಾನಂತೆ, ಗಂಜಿ ಕುಡೀತಾ ಇದಾನಂತೆ. ನೀನೂ ನಾಲ್ಕು ದಿನ ಇದ್ದು ಹೋಗು. ಬೇಯಿಸಿದ ಬಾಳೆಕಾಯಿ ಮಾಡ್ತೀನಿ, ನಿಂಗಿಷ್ಟ. ಸಪ್ಪೆ ಮುಖ ಮಾಡ್ಕೋಬೇಡ. ನೋಡು, ಎಷ್ಟು ಲಕ್ಷಣವಾಗಿದೀಯ. ಈ ಹಳದಿ ಅಂಗಿ ಎಷ್ಟು ಒಪ್ಪುತ್ತೆ ನಿಂಗೆ...

ಏನಾಯ್ತು? ಯಾಕೆ ಸುಮ್ಮನಾದೆ?

ಅಂಗಿ ಚೆನ್ನಾಗಿದೆ ಅಂದ್ರೂ ಕೋಪಾನಾ? ಸರಿ, ಮಾತಾಡ್ಬೇಡ. ನಾನೇ ಮಾತಾಡ್ತೀನಿ. ಹಂದಿ ದುಡ್ಡು ತೀರಿಸ್ತೀನಿ ಕಣೇ, ಪ್ರತಿ ಸಂತೆಗೆ ಇಷ್ಟಿಷ್ಟು ಅಂತ. ನಂಗೇನು ಕೈ ಬಿದ್ದುಹೋಗಿದೆಯಾ, ಕಾಲು ಬಿದ್ದುಹೋಗಿದೆಯಾ? ನೀನು ಕೊಟ್ಟ ಮೇಲೆ ಅದು ನನ್ನ ಕಣ್ಣು, ನನ್ನ ಇಷ್ಟ. ಹೌದೋ ಅಲ್ವೋ? ಹೇಳು. ನನ್ನ ಮುಖ ನೋಡಿ ಹೇಳು. ಹಿಂಗೆ ಪಕ್ಕದಲ್ಲೇ ಕೂತು ಮೂತಿ ಊದಿಸ್ಕೊಂಡ್ರೆ...

ಏನಮ್ಮ? ಯಾರು, ಕೌಂಟರಿನ ಹುಡುಗೀನಾ? ಏನಂದೆ?

ನನ್ನ ತಂಗಿ... ಮೆಟ್ಟಿಲ ಹತ್ರ ನಿಂತಿದಾಳಾ? ಇಲ್ಲಿ ಬೆಂಚಲ್ಲಿ ಇಲ್ವಾ?

...

ಲೂದಿಂಗ್?

ಯಾವಾಗ ಎದ್ದು ಹೋದೆ? ಸದ್ದಾಗದ ಹಾಗೆ ಚಪ್ಪಲಿ ಬಿಚ್ಚಿಟ್ಟು ಹೋದ್ಯಾ? ಅಂಗಿ ಹಳದಿ ಅಲ್ವಾ ಹಾಗಾದ್ರೆ? ಅಕ್ಕನಿಗೇ ಪರೀಕ್ಷೆ ಮಾಡ್ತೀಯ... ಖಾಲಿ ಬೆಂಚಿನ ಜೊತೆ ಎಷ್ಟು ಹೊತ್ತು ಜಗಳ ಆಡಿದೆ ನಾನು? ಮಾತಾಡೇ. ಒಂದು ಮಾತಾಡು. ಬೈದ್ರೂ ಪರವಾಗಿಲ್ಲ.

ಹೂಂ. ಸರಿ.

ಹೋಗಿದ್ದೆ ಕಣೇ ಇಲೋಇಲೋ ಪಟ್ಟಣಕ್ಕೆ. ಹೋಗ್ಲಿಲ್ಲ ಅಂದ್ಕೋಬೇಡ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿದ್ರು. ಪೊರೆ ಅಲ್ಲ ಲೋಲಾ, ಹಿಂದಿನ ನರಾನೇ ಸತ್ತಿದೆ, ಕೊಯ್ದು ತೆಗೆಯೋಕೆ ಏನೂ ಇಲ್ಲ ಅಂದ್ರು. ಇನ್ನು ಆ ದುಡ್ಡು ಕಣ್ಣಿಗೆ ಸುರಿದ್ರೆ ಸಮುದ್ರಕ್ಕೆ ಎಸೆದ ಹಾಗೆ. ನಿಂಗೆ ವಾಪಸ್ ಕಳಿಸೋಣ ಅಂತ ಬಟ್ಟೇಲಿ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಇವನು ಗಾಳ ನುಂಗಿಕೊಂಡು ಬಂದ.

ಹೇಳಿದ್ರೆ ನೀನು ಏನು ಮಾಡ್ತಿದ್ದೆ, ನಂಗೊತ್ತಿಲ್ವಾ? ಗಿಮಾರಾಸಿಗೆ ಎಳ್ಕೊಂಡು ಹೋಗಿ ಕಿಟಕಿ ಪಕ್ಕ ಕೂರಿಸ್ತಿದ್ದೆ. ಅನ್ನ ಕಲೆಸಿ ಕೈಗೆ ಕೊಡ್ತಿದ್ದೆ. ನಿನ್ನ ಮೊಮ್ಮಕ್ಕಳು ಪಿಸಪಿಸ ಅಂತಿದ್ರು. ನಂಗೆ ಬೇಡ! ನನ್ನ ಅಂಗಡಿ ನಂಗಿರಲಿ. ದಿನಾ ಬೆಳಿಗ್ಗೆ ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರೆ ಅಂದ್ಕೊಂಡೆ? ಟುಯೋನೇ! ಚರ್ಚಿನ ಮೂಲೇಲಿ ನಿಲ್ತಾನೆ. ಗಾಡಿ ಎಲ್ಲ ಹೋಗೋವರೆಗೂ ಅಲ್ಲಾಡಲ್ಲ. ಆಮೇಲೆ ಎಳೀತಾನೆ. ನಾನು ಹೇಳಿಕೊಟ್ಟಿದ್ದಲ್ಲ, ಯಾರೂ ಹೇಳಿಕೊಟ್ಟಿದ್ದಲ್ಲ. ನಂಗೆ ಕಾಣಲ್ಲ ಅನ್ನೋದು ನನಗಿಂತ ಮೊದಲು ಅವನಿಗೆ ಗೊತ್ತಾಗಿತ್ತು. ಈಗ ಹೇಳು, ಕಣ್ಣಿಗೆ ಅಂತ ಕಳಿಸಿದ್ದು ಕಣ್ಣಿಗೇ ಖರ್ಚಾಯ್ತೋ ಇಲ್ವೋ?

ಅಳ್ತಿದೀಯಾ? ಹೇ, ಅಲ್ಲಿ ನಿಂತು ಅತ್ರೆ ನಾನು ಹೇಗೆ ಒರೆಸ್ಲಿ? ಇಲ್ಲಿ ಬಂದು ಅಳು... ಹಾಂ. ಬಾ. ಇಲ್ಲಿ.

ಕೇಳಿಸ್ತಾ? ಒಳಗೆ ಕರೀತಿದಾರೆ. ಟುಯೋ ಕಡೆಯವರು ನಾವೇ! ಬಂದ್ವಿ ಬಂದ್ವಿ! ಏಳು. ನಿನ್ನ ಕೈ ಕೊಡು... ಬಾಗಿಲವರೆಗೆ ಮಾತ್ರ, ಗೊತ್ತಾಯ್ತಾ? ಅಲ್ಲಿಂದಾಚೆ ಅವನಿದಾನೆ. ಹೊಲಿಗೆ ಹಾಕಿದಾರೆ, ನಿಧಾನಕ್ಕೆ ನಡೀತಾನೆ. ನಡೀಲಿ, ನಂಗೇನು ಅವಸರ?